ಕುದುರೆ ಹೇಳುವವರು ಲೆಕ್ಕವನ್ನೂ ಹೇಳಲಿ

ಬೆಳಗಿನ ಬಸ್ಸಿನಲ್ಲಿ ಚಳ್ಳಕೆರೆಯಿಂದ ಗೌರಸಮುದ್ರಕ್ಕೆ ಬಂದಿಳಿಯುವ ದಿನಪತ್ರಿಕೆಯ ಒಂದು ಪುಟದಲ್ಲಿ ಶೇಂಗಾ ಧಾರಣೆಯೂ, ಇನ್ನೊಂದು ಪುಟದಲ್ಲಿ ಬೆಂಗಳೂರಿನದೋ ಮೈಸೂರಿನದೋ ರೇಸಿನಲ್ಲಿ ಆ ದಿನ ಗೆಲ್ಲಬಹುದಾದ ಕುದುರೆಗಳ ಪಟ್ಟಿಯೂ ಅಚ್ಚಾಗಿರುವುದುಂಟು. ಎರಡೂ ಹಣದ ಮಾತೇ. ಆದರೂ ಧಾರಣೆಯೆಂಬುದು ಕನಿಷ್ಠ, ಗರಿಷ್ಠ, ಮಾದರಿ ಎಂಬ ಮೂರು ಅಂಕಿಗಳಲ್ಲಿ ನಿನ್ನೆ ನಡೆದ ವ್ಯಾಪಾರಕ್ಕೆ ನುಡಿಯುವ ಸಾಕ್ಷ್ಯವಾದರೆ, ರೇಸಿನ ಪಟ್ಟಿ ಇನ್ನೂ ನಡೆಯದಿರುವ ಸಂಗತಿಯನ್ನು ಕುರಿತು ನುಡಿಯುವ ಭವಿಷ್ಯವಾಗಿದೆ. ಧಾರಣೆಯಲ್ಲಿ ಒಂದಂಕಿ ತಪ್ಪಿದರೆ ಮಂಡಿಗೆ ಹೋಗಿಬಂದ ರೈತನು ಮಧ್ಯಾಹ್ನದೊಳಗಾಗಿ ಅದನ್ನು ಎತ್ತಿ ಆಡುತ್ತಾನೆ. ದಿನದ ಖಚಿತ ಗೆಲುವೆಂದು ಸಾರಲ್ಪಟ್ಟ ಕುದುರೆ ಐದನೆಯದಾಗಿ ಬಂದರೆ ಮರುದಿನ ಫಲಿತಾಂಶವೇನೋ ಅಚ್ಚಾಗುತ್ತದೆ, ಆದರೆ ಹಾಗೆ ಸಾರಿದವರ ಖಾತೆಯಲ್ಲಿ ಆ ಸೋಲು ಎಲ್ಲಿಯೂ ಜಮೆಯಾಗುವುದಿಲ್ಲ. ಟಿಪ್ಸ್ ಪ್ರಕಟಿಸುವ ಪತ್ರಿಕೆ ಆ ಟಿಪ್ಸುಗಳ ಲೆಕ್ಕವನ್ನೂ ಪ್ರಕಟಿಸತಕ್ಕದ್ದೆಂಬುದೇ ಈ ಲೇಖನದ ಪ್ರತಿಪಾದನೆ.

ರೇಸಿನ ಮುನ್ನೋಟವನ್ನು ಬರೆಯುವುದು ಹೀನವಿದ್ಯೆಯೆಂದು ನಾನು ಹೇಳಲಾರೆ. 1400 ಮೀಟರಿನ ಒಂದು ಹ್ಯಾಂಡಿಕ್ಯಾಪ್ ಓಟವನ್ನು ಕುರಿತು ನಾಲ್ಕು ಸಾಲು ಬರೆಯಬೇಕಾದರೂ, ಯಾವ ಕುದುರೆಯ ಬೆನ್ನಿನ ಮೇಲೆ ಅರವತ್ತು ಕೆ.ಜಿ. ತೂಕವಿದೆ, ಯಾವುದರ ಮೇಲೆ ಐವತ್ತಿದೆ, ಯಾವುದಕ್ಕೆ ಒಳಗಡೆಯ ಗೇಟು ಸಿಕ್ಕಿದೆ, ಯಾವುದು ಕಳೆದ ಸಾರಿ 1200 ಮೀಟರಿನಲ್ಲಿ ಕಡೆಯ ಕ್ಷಣದಲ್ಲಿ ಮುನ್ನುಗ್ಗಿತು, ಮುಂಜಾವದ ತಾಲೀಮಿನಲ್ಲಿ ಕೊನೆಯ 600 ಮೀಟರನ್ನು ಎಷ್ಟು ಸೆಕೆಂಡಿನಲ್ಲಿ, ಎಷ್ಟು ಸಲೀಸಾಗಿ ಓಡಿತು, ಜಾಕಿ ಯಾರು, ಟ್ರೈನರ್ ಯಾರು, ನೆಲ ಎಷ್ಟು ಮೆತ್ತಗಿದೆ ಎಂಬಿವೆಲ್ಲವನ್ನೂ ತೂಗಿನೋಡಬೇಕಾಗುತ್ತದೆ. ಕುದುರೆ ರೇಸು ಪ್ರಧಾನವಾಗಿ ನೈಪುಣ್ಯದ ಆಟವೇ ಹೊರತು ಬರಿಯ ಅದೃಷ್ಟದ ಜೂಜಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ, ಕೆ.ಆರ್. ಲಕ್ಷ್ಮಣನ್ ಮೊಕದ್ದಮೆಯಲ್ಲಿ, ತೀರ್ಪಿತ್ತದ್ದು ಈ ತೂಗಿನೋಡುವಿಕೆಯನ್ನು ಗಮನದಲ್ಲಿರಿಸಿಕೊಂಡೇ. ಒಳ್ಳೆಯದು. ಆದರೆ ನೈಪುಣ್ಯವೆಂಬುದು ಅಳೆಯಲ್ಪಡುವ ವಸ್ತು. ಅಳತೆಗೆ ಒಡ್ಡಿಕೊಳ್ಳದ ನೈಪುಣ್ಯಕ್ಕೂ ಬರಿಯ ಬಾಯಿಮಾತಿಗೂ ಇರುವ ಅಂತರವನ್ನು ಓದುಗನು ಕಂಡುಕೊಳ್ಳುವುದಾದರೂ ಹೇಗೆ?

ಮಳೆಯೊಂದು ಅಡ್ಡ ಬಾರದಿದ್ದರೆ ನಮ್ಮ ಮಾತು ಸುಳ್ಳಾಗುತ್ತಿರಲಿಲ್ಲವೆಂಬುದು ಟಿಪ್ಸುಗಾರರ ಹಳೆಯ ಸಮಾಧಾನ. ಮುಂಗಾರಿನ ಕಡೆಯ ತಿಂಗಳುಗಳಲ್ಲಿ ಮೈಸೂರಿನ ಹುಲ್ಲುಹಾದಿಯ ಮೇಲೆ ನಡೆಯುವ ಓಟಗಳ ವಿಷಯದಲ್ಲಿ ಈ ಮಾತಿಗೆ ಒಂದಿಷ್ಟು ಆಧಾರವೂ ಇದೆ. ಆದರೆ ಮಳೆಯ ಈ ನೆಪವನ್ನು ಬಹುಮಟ್ಟಿಗೆ ಕಳೆದಿಟ್ಟ ದೇಶಗಳೂ ಉಂಟು. ಇಂಗ್ಲೆಂಡಿನ ಲಿಂಗ್‌ಫೀಲ್ಡಿನಲ್ಲಿ 1989ರ ಅಕ್ಟೋಬರಿನಲ್ಲಿ ಸರ್ವಋತು ಹಾದಿಯ ಮೇಲೆ ರೇಸು ಮೊದಲಾಯಿತು; ಅನಂತರ ವೂಲ್ವರ್‌ಹ್ಯಾಂಪ್ಟನ್, ಕೆಂಪ್ಟನ್, ನ್ಯೂಕ್ಯಾಸಲ್‌ಗಳಲ್ಲಿಯೂ ಅಂಥ ಹಾದಿಗಳು ಬಂದವು. ಮರಳಿಗೆ ಕೃತಕ ನಾರನ್ನೂ ಮೇಣವನ್ನೂ ಬೆರೆಸಿ ಹಾಸಿದ ಪಾಲಿಟ್ರ್ಯಾಕ್, ಟಪೀಟಾ ಮುಂತಾದ ಈ ನೆಲಗಳ ಮೇಲೆ ಬಿದ್ದ ನೀರು ಕೆಳಗಿಳಿದುಹೋಗುವುದರಿಂದ, ಹುಲ್ಲುನೆಲವು ಕೆಸರಾಗುವ ಚಳಿಗಾಲದಲ್ಲಿಯೂ ಓಟದ ನೆಲ ಹೆಚ್ಚು ಬದಲಾಗುವುದಿಲ್ಲ. ಹಾಗಿದ್ದರೆ ಅಲ್ಲಿ ಭವಿಷ್ಯ ನುಡಿಯುವುದು ಸುಲಭವಾಗಬೇಕಾಗಿತ್ತಷ್ಟೆ. ಆಗಲಿಲ್ಲ. ಎಲ್ಲರ ದುಡ್ಡೂ ಹರಿದುಬರುವ ಫೇವರಿಟ್ ಕುದುರೆ ಅಲ್ಲಿಯೂ ಸ್ಥೂಲವಾಗಿ ಮೂರು ಓಟಗಳಲ್ಲಿ ಒಂದನ್ನು ಗೆಲ್ಲುತ್ತದೆ, ಎರಡನ್ನು ಸೋಲುತ್ತದೆ.

ಇದಕ್ಕೆ ಕಾರಣವು ಆಕಾಶದಲ್ಲಿಲ್ಲ, ಆಟದ ರಚನೆಯಲ್ಲಿಯೇ ಇದೆ. ಬಲಿಷ್ಠವಾದ ಕುದುರೆಗೆ ಹೆಚ್ಚು ತೂಕವನ್ನೂ ದುರ್ಬಲವಾದುದಕ್ಕೆ ಕಡಿಮೆ ತೂಕವನ್ನೂ ಹೊರಿಸಿ, ಎಲ್ಲವೂ ಒಂದೇ ಗೆರೆಯಲ್ಲಿ ಬಂದು ಮುಟ್ಟಬೇಕೆಂಬ ಉದ್ದೇಶದಿಂದಲೇ ಹ್ಯಾಂಡಿಕ್ಯಾಪರ್ ಎಂಬ ಅಧಿಕಾರಿ ಲೆಕ್ಕ ಹಾಕಿರುತ್ತಾನೆ. ಟಿಪ್ಸುಗಾರನು ಬಿಡಿಸಬೇಕೆಂದಿರುವ ಗಂಟನ್ನು ಅವನಿಗಿಂತಲೂ ಹೆಚ್ಚು ವಿವರಗಳನ್ನು ಬಲ್ಲ ಮತ್ತೊಬ್ಬನು ಬಿಗಿದಿಟ್ಟಿರುತ್ತಾನೆಂಬುದನ್ನು ಓದುಗನು ಮರೆಯಬಾರದು. ಎರಡನೆಯದಾಗಿ, ಟೋಟ್ ಎಂದು ನಾವು ಕರೆಯುವ, 1867ರಲ್ಲಿ ಪ್ಯಾರಿಸಿನ ಜೋಸೆಫ್ ಒಲ್ಲೇರ್ ಆರಂಭಿಸಿದ ಪದ್ಧತಿಯಲ್ಲಿ, ಬಾಜಿ ಕಟ್ಟಿದವರ ಹಣವೆಲ್ಲ ಒಂದೆಡೆ ಕೂಡಿ, ಕ್ಲಬ್ಬಿನ ಪಾಲು ಕಳೆದು, ಉಳಿದದ್ದು ಗೆದ್ದವರಲ್ಲಿ ಹಂಚಲ್ಪಡುತ್ತದೆ. ಆದುದರಿಂದ ಸಾವಿರಾರು ಜನ ಓದುವ ಪತ್ರಿಕೆಯಲ್ಲಿ ಒಂದು ಕುದುರೆಯ ಹೆಸರು ದಪ್ಪಕ್ಷರದಲ್ಲಿ ಅಚ್ಚಾದೊಡನೆಯೇ ಅದರ ಮೇಲೆ ಹಣ ಹೆಚ್ಚುತ್ತದೆ, ಹಣ ಹೆಚ್ಚಿದಂತೆ ಗೆದ್ದವನಿಗೆ ದೊರೆಯುವ ಡಿವಿಡೆಂಡು ಕುಗ್ಗುತ್ತದೆ. ಟಿಪ್ಸು ನಿಜವಾದರೂ ಅದರ ಫಲದ ಒಂದಂಶವನ್ನು ಅದೇ ತಿಂದುಹಾಕಿರುತ್ತದೆ. ಇದರ ಮೇಲೆ ಸರಕಾರದ ತೆರಿಗೆ ಬೇರೆ: 2023ರ ಅಕ್ಟೋಬರಿನಿಂದ ಬಾಜಿಯ ಪೂರ್ಣ ಮೊತ್ತದ ಮೇಲೆ ಶೇಕಡಾ 28ರಷ್ಟಿದ್ದ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 40ಕ್ಕೆ ಏರಿದೆ. ಇಷ್ಟನ್ನೂ ದಾಟಿ ಲಾಭ ತೋರಿಸಬಲ್ಲ ಸಲಹೆಗಾರನು ಲೋಕದಲ್ಲಿ ಇಲ್ಲವೇ ಇಲ್ಲವೆನ್ನುವಂತಿಲ್ಲ. ಇದ್ದರೆ ಅವನು ಅಪೂರ್ವನು, ಅಪೂರ್ವನಾದವನಿಗೆ ಲೆಕ್ಕ ತೋರಿಸಲು ಸಂಕೋಚವಿರಬೇಕಾಗಿಲ್ಲ.

ಪ್ರಾಣಿಯನ್ನು ನೋಡಿ ಬೆಲೆ ಕಟ್ಟುವ ವಿದ್ಯೆ ನಮ್ಮ ಸೀಮೆಗೆ ಹೊಸತಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯಲ್ಲಿ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದು, ಸೇನೆಯ ಸಾಮಾನನ್ನು ಹೊತ್ತು ಬಿಸಿಲು ಮಳೆಗಳೆನ್ನದೆ ನಡೆದ ಎತ್ತಿನ ತಳಿಗೆ ಚಳ್ಳಕೆರೆಯ ಕಾವಲುಗಳೂ ಮೇವುನೆಲವಾಗಿದ್ದವು. ಇಂದಿಗೂ ದನದ ಜಾತ್ರೆಯಲ್ಲಿ ಕೊಳ್ಳುವವನು ಹೋರಿಯ ತುಟಿಯೆತ್ತಿ ಹಾಲುಹಲ್ಲೋ, ಎರಡು ಹಲ್ಲೋ, ಬಾಯಿಗೂಡಿದೆಯೋ ಎಂದು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸನ್ನು ತಟ್ಟಿ, ನಾಲ್ಕು ಹೆಜ್ಜೆ ನಡೆಸಿ, ಬಳಿಕ ದಲ್ಲಾಳಿಯೊಡನೆ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮುಗಿಸುತ್ತಾನೆ. ಅಲ್ಲಿಯೂ ಊಹೆಯುಂಟು, ಅಲ್ಲಿಯೂ ಮೋಸವುಂಟು. ಆದರೆ ಸಾಧುವೆಂದು ದಲ್ಲಾಳಿ ಹೇಳಿದ ಹೋರಿ ನೊಗ ಕಂಡೊಡನೆ ಮಲಗುವ ಸ್ವಭಾವದ್ದಾದರೆ, ಮರುವರ್ಷ ಅದೇ ಜಾತ್ರೆಗೆ, ಅದೇ ಮರದ ನೆರಳಿಗೆ ಅವನು ಬರಬೇಕು. ಕೊಂಡವನೂ ಅಲ್ಲಿಗೇ ಬರುತ್ತಾನೆ. ದಲ್ಲಾಳಿಯ ಮಾತನ್ನು ಹದದಲ್ಲಿಡುವುದು ಧರ್ಮಭೀತಿಯೊಂದೇ ಅಲ್ಲ, ಈ ಮರುಭೇಟಿಯೂ ಹೌದು. ಹೆಸರಿಲ್ಲದೆ ಟಿಪ್ಸು ಬರೆಯುವವನಿಗೆ ಅಂಥ ಮರುಭೇಟಿಯೆಂಬುದೇ ಇಲ್ಲ.

ಕನಕದಾಸರ ನಳಚರಿತ್ರೆಯಿಂದ ಕನ್ನಡಿಗರಿಗೆಲ್ಲ ಪರಿಚಿತನಾದ ನಳನ ಕಥೆ, ಅಶ್ವಗಳನ್ನೂ ಜೂಜನ್ನೂ ಒಟ್ಟಿಗೆ ಹೆಣೆದ ಕಥೆ. ಮಹಾಭಾರತದ ವನಪರ್ವದಲ್ಲಿ, ಬಾಹುಕನ ವೇಷದ ನಳನು ರಥ ನಡೆಸುತ್ತಿರಲು, ರಥದಲ್ಲಿ ಕುಳಿತ ಅರಸ ಋತುಪರ್ಣನು ದಾರಿಯ ತಾರೆಮರವೊಂದನ್ನು ಕಂಡು ಅದರ ಎಲೆಕಾಯಿಗಳ ಸಂಖ್ಯೆಯನ್ನು ಕುಳಿತಲ್ಲಿಂದಲೇ ಹೇಳಿಬಿಡುತ್ತಾನೆ. ಸ್ವಯಂವರಕ್ಕೆ ಹೊತ್ತಾಯಿತೆಂದು ಅರಸನು ಅವಸರಪಡುತ್ತಿದ್ದರೂ ನಳನು ಒಪ್ಪುವುದಿಲ್ಲ. ರಥವನ್ನು ನಿಲ್ಲಿಸಿ, ಮರವನ್ನು ಕಡಿದು, ಕಾಯಿಗಳನ್ನು ಎಣಿಸಿ, ಸಂಖ್ಯೆ ಸರಿಯೆಂದು ಕಂಡ ಮೇಲೆಯೇ ಆ ವಿದ್ಯೆಯನ್ನು ಬೇಡುತ್ತಾನೆ. ಜೂಜಿನಲ್ಲಿ ರಾಜ್ಯವನ್ನೇ ಕಳೆದುಕೊಂಡವನು ಕಲಿತ ಮೊದಲ ಪಾಠ ಎಣಿಸಿ ನೋಡುವುದೇ ಆಗಿತ್ತು. ಅಕ್ಷಹೃದಯವೆಂಬ ಆ ವಿದ್ಯೆ ಕೈಗೂಡಿದ್ದೂ ಕಲಿ ಅವನ ದೇಹವನ್ನು ಬಿಟ್ಟು ತೊಲಗಿದ್ದೂ ಆ ಬಳಿಕ.

ರೇಸೇ ಬೇಡವೆನ್ನುವವರು, ಬೇಡದ ಆಟದ ಟಿಪ್ಸಿಗೆ ಲೆಕ್ಕವೇತಕ್ಕೆಂದು ಕೇಳಬಹುದು. ರೇಸು ನಡೆಯಬೇಕೆ, ಬೇಡವೆ ಎಂಬುದು ಸರಕಾರಕ್ಕೂ ಶಾಸನಸಭೆಗೂ ಸೇರಿದ ಪ್ರಶ್ನೆ. 1952ರ ಮೈಸೂರು ರೇಸ್ ಕೋರ್ಸ್ ಲೈಸೆನ್ಸಿಂಗ್ ಕಾನೂನಿನ ಅಡಿಯಲ್ಲಿ ಅದು ನಡೆಯುತ್ತಿರುವವರೆಗೆ ಅದರ ವರದಿ ಬಂದೇ ಬರುತ್ತದೆ. ಪತ್ರಿಕೆ ತಾನು ಅಚ್ಚು ಹಾಕಿದ ಮಾತಿಗೆ ಹೊಣೆಯಾಗಬೇಕೆಂಬುದು ಬೇರೆಯ ಪ್ರಶ್ನೆ, ಅದಕ್ಕೆ ಯಾವ ಶಾಸನವೂ ಬೇಕಿಲ್ಲ. ಗೌರಸಮುದ್ರದ ಮಾರಮ್ಮನ ಜಾತ್ರೆಯಲ್ಲಿ, ತುಂಬಲು ಎಂಬಲ್ಲಿನ ಬಯಲಲ್ಲಿ ನೆರೆದ ಭಕ್ತರು ದೇವಿಯತ್ತ ಈರುಳ್ಳಿಯನ್ನೂ ಮೆಣಸನ್ನೂ ತೂರಿ ಹರಕೆ ತೀರಿಸುತ್ತಾರೆ. ಅರ್ಪಿಸಿದ್ದಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ, ಕೇಳಲೂಬಾರದು. ಪತ್ರಿಕೆಯನ್ನು ದುಡ್ಡು ಕೊಟ್ಟು ಕೊಂಡವನ ಮಾತು ಹಾಗಲ್ಲ. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲೊಂದಾದ ಚಳ್ಳಕೆರೆಯಲ್ಲಿ ಶೇಂಗಾ ಬಿತ್ತುವವನು ಪ್ರತಿವರ್ಷವೂ ಅನಿಶ್ಚಯದೊಡನೆಯೇ ಬದುಕುತ್ತಾನೆ. ಅವನಿಗೆ ಮುನ್ಸೂಚನೆ ಹೇಳುವ ಹವಾಮಾನ ಇಲಾಖೆಯಾದರೂ ತನ್ನ ಅಂದಾಜಿನೊಡನೆ ದೋಷದ ಮಿತಿಯನ್ನು ಹೇಳುತ್ತದೆ, ಋತು ಮುಗಿದ ಬಳಿಕ ಹೇಳಿದ್ದೆಷ್ಟು, ಬಿದ್ದದ್ದೆಷ್ಟು ಎಂಬುದನ್ನು ಪ್ರಕಟಿಸುತ್ತದೆ.

ಕುದುರೆಯ ವಿಷಯದಲ್ಲಿಯೂ ಇದು ಅಸಾಧ್ಯವೇನಲ್ಲ. ಇಂಗ್ಲೆಂಡಿನ ರೇಸಿಂಗ್ ಪೋಸ್ಟ್ ಪತ್ರಿಕೆ, ಬೇರೆ ಬೇರೆ ಪತ್ರಿಕೆಗಳ ಟಿಪ್ಸುಗಾರರು ದಿನದ ಅತ್ಯುತ್ತಮವೆಂದು ಆರಿಸಿದ ಕುದುರೆಗಳ ಮೇಲೆ ಸಮನಾಗಿ ಒಂದೊಂದು ಪೌಂಡು ಕಟ್ಟಿದ್ದರೆ ಯಾರಿಂದ ಎಷ್ಟು ಲಾಭ, ಯಾರಿಂದ ಎಷ್ಟು ನಷ್ಟ ಎಂಬುದನ್ನು ಹೆಸರು ಸಹಿತ ಪಟ್ಟಿ ಮಾಡಿ ಅಚ್ಚು ಹಾಕುತ್ತದೆ. ನಮ್ಮ ಸಂಪಾದಕರೂ ಪ್ರತಿ ರೇಸ್ ಋತುವಿನ ಕೊನೆಗೆ ನಾಲ್ಕು ಅಂಕಿಗಳನ್ನು ಪ್ರಕಟಿಸಲಿ: ಹೇಳಿದ ಕುದುರೆಗಳೆಷ್ಟು, ಗೆದ್ದವೆಷ್ಟು, ಪ್ರತಿಯೊಂದಕ್ಕೂ ಹತ್ತು ರೂಪಾಯಿ ಕಟ್ಟಿದವನು ತೆರಿಗೆ ಸೇರಿ ಕೊಟ್ಟದ್ದೆಷ್ಟು, ಅವನಿಗೆ ಮರಳಿ ಬಂದದ್ದೆಷ್ಟು. ಎರಡಂಗುಲದ ಜಾಗ ಸಾಕು. ಅದನ್ನು ಕೊಡಲಾರದ ಪತ್ರಿಕೆ ತೂಕ, ದೂರ, ಹಿಂದಿನ ಓಟಗಳ ವಿವರಗಳನ್ನಷ್ಟೇ ಕೊಟ್ಟು ಟಿಪ್ಸನ್ನು ಕೈಬಿಡುವುದು ಲೇಸು. ಅಲ್ಲಿಯವರೆಗೆ ಓದುಗರು ಆ ಪಟ್ಟಿಯನ್ನು ಓದಿ ಆನಂದಿಸಬಹುದು, ಅದನ್ನು ನಂಬಿ ಶೇಂಗಾ ಮಾರಿದ ಹಣವನ್ನು ಕಟ್ಟಬಾರದು.