ಮಗ ಕೈ ಎತ್ತಿದರೆ ಕೊಳ್ಳೇಗಾಲವೊಂದೇ ದಾರಿಯೇ?

ರಾಜ್ಯದ ಯಾವ ಮೂಲೆಗೆ ಹೋದರೂ ಕೊಳ್ಳೇಗಾಲ ಅಂದರೆ ಜನರಿಗೆ ಮೊದಲು ನೆನಪಾಗುವುದು ರೇಷ್ಮೆಯಲ್ಲ, ಮಾಟ-ಮಂತ್ರ. ಈ ಹೆಸರಿನ ಬಗ್ಗೆ ಆ ಊರಿನವರಿಗೇ ಬೇಸರವಿದೆ, ಅದು ನ್ಯಾಯವೂ ಹೌದು. ಆದರೂ ಬುದ್ಧಿ ಬೆಳವಣಿಗೆ ಕಡಿಮೆಯಿರುವ ಹದಿಹರೆಯದ ಹುಡುಗನೊಬ್ಬ ಇದ್ದಕ್ಕಿದ್ದಂತೆ ಪಾತ್ರೆ ಎಸೆಯಲು, ಉಮ್ಮನ ಕೈ ಕಚ್ಚಲು ಶುರು ಮಾಡಿದನೆಂದರೆ, "ಒಮ್ಮೆ ಕೊಳ್ಳೇಗಾಲಕ್ಕೆ ಹೋಗಿ ಬನ್ನಿ" ಎಂಬ ಸಲಹೆ ನಮ್ಮ ಮನೆಗಳಲ್ಲೂ ಕೇಳಿಬರುತ್ತದೆ. ವ್ಯಾಪಾರಕ್ಕೆಂದು ಕರಾವಳಿ ಬಿಟ್ಟು ಆ ಕಡೆ ನೆಲೆಸಿದ ನಮ್ಮವರಿಗೆ ಫೋನ್ ಮಾಡಿ, "ಅಲ್ಲಿ ಒಳ್ಳೆ ಮಂತ್ರವಾದಿ ಯಾರಿದ್ದಾರೆ?" ಎಂದು ವಿಚಾರಿಸುವವರೂ ಇದ್ದಾರೆ.

ಅದೇ ವಯಸ್ಸಿನ, ಬುದ್ಧಿ ಚುರುಕಾದ ಇನ್ನೊಬ್ಬ ಹುಡುಗ ತಂಗಿಯ ಕೆನ್ನೆಗೆ ಬಾರಿಸಲಿ, ಬೈಕಿನ ಕೀಲಿ ಕೊಡಲಿಲ್ಲವೆಂದು ಬಾಗಿಲು ಒದೆಯಲಿ, "ಬಿಸಿ ರಕ್ತ, ಮದುವೆಯಾದ ಮೇಲೆ ಸರಿಹೋಗ್ತಾನೆ" ಅಂತೇವೆ. ಒಬ್ಬನಿಗೆ ಜಿನ್ನ್ ಹಿಡಿದಿದೆ, ಇನ್ನೊಬ್ಬನಿಗೆ ರಿಯಾಯಿತಿ. ಇಬ್ಬರ ವಿಷಯದಲ್ಲೂ ಒಂದು ಪ್ರಶ್ನೆ ಹಾಗೆಯೇ ಉಳಿದುಬಿಡುತ್ತದೆ. ಯಾಕೆ ಹೊಡೆದ?

ಮಾತು ಬಲ್ಲ ಹುಡುಗನಿಗೆ ಸಿಟ್ಟು ಬಂದರೆ ಬೈಯುತ್ತಾನೆ, ಗೆಳೆಯರ ಗುಂಪು ಕಟ್ಟುತ್ತಾನೆ, ವಾಟ್ಸ್ಆ್ಯಪ್‌ನಲ್ಲಿ ಇನ್ನೊಬ್ಬನ ಮಾನ ಕಳೆಯುತ್ತಾನೆ. ಇದೂ ಆಕ್ರಮಣವೇ, ನಮ್ಮ ಕಣ್ಣಿಗೆ ಹಾಗೆ ಕಾಣುವುದಿಲ್ಲ ಅಷ್ಟೆ. ಮಾತು ಸಾಲದ ಹುಡುಗನ ಬಳಿ ಇರುವುದು ಕೈ, ಹಲ್ಲು, ತನ್ನದೇ ತಲೆ. ಕಿವಿ ನೋಯುತ್ತಿದೆ, ಹಲ್ಲು ಹುಳುಕಾಗಿದೆ, ನಾಲ್ಕು ದಿನದಿಂದ ಹೊಟ್ಟೆ ಕಟ್ಟಿದೆ ಎಂದು ಹೇಳಲಾಗದೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ. ಹೆಣ್ಣುಮಗಳಾದರೆ ಮುಟ್ಟಿನ ಹೊಟ್ಟೆನೋವು. ಮೀಸೆ ಮೂಡುವ ವಯಸ್ಸಿನಲ್ಲಿ ಮೈಯಲ್ಲಾಗುವ ಬದಲಾವಣೆಯನ್ನು ಇಂಥ ಮಕ್ಕಳಿಗೆ ಯಾರೂ ವಿವರಿಸುವುದಿಲ್ಲ. ರಮಝಾನಿನಲ್ಲಿ ಮನೆಯ ಊಟ-ನಿದ್ದೆಯ ಹೊತ್ತು ಬದಲಾದರೂ ಕೆಲವರು ಕಂಗಾಲಾಗುತ್ತಾರೆ. ಇದ್ದಕ್ಕಿದ್ದಂತೆ ಒಬ್ಬ ವ್ಯಕ್ತಿಯನ್ನು ಕಂಡರೆ ಸಿಡಿಯುವ ಮಗುವಿನ ಮೇಲೆ ದೌರ್ಜನ್ಯ ನಡೆದಿರಬಹುದೇ ಎಂದೂ ನೋಡಬೇಕು. ಇನ್ನು ಹೊಡೆದ ಕೂಡಲೇ ಮೊಬೈಲ್ ಕೈಗೆ ಸಿಗುತ್ತದೆಂದಾದರೆ ನಾಳೆಯೂ ಹೊಡೆಯುತ್ತಾನೆ. ಆ ಲೆಕ್ಕ ಎಲ್ಲ ಮಕ್ಕಳಿಗೂ ಗೊತ್ತು!

ಹಾಗಾಗಿ ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ಗಲಾಟೆಗೆ ಮೊದಲು ಏನಾಯಿತು, ಆಮೇಲೆ ನೀವೇನು ಮಾಡಿದಿರಿ, ಎರಡು ವಾರ ಬರೆದಿಡಿ. ವೈದ್ಯರಿಗೆ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ. ಚುರುಕು ಹುಡುಗನ ವಿಷಯದಲ್ಲೂ ಇದನ್ನೇ ಮಾಡಬಹುದು. ಶಾಲೆಯಲ್ಲಾದ ಅವಮಾನ, ನಿದ್ದೆಗೆಟ್ಟ ರಾತ್ರಿ, ಗಾಂಜಾ, ಕೆಲವೊಮ್ಮೆ ಬಾಪನ ಬೆಲ್ಟು ಆ ಪುಟಗಳಲ್ಲಿ ಕಾಣಿಸಿಕೊಳ್ಳುತ್ತವೆ.

ಬೀದಿಯಲ್ಲಿ, ಮದ್ರಸದ ಅಂಗಳದಲ್ಲಿ ಈ ಇಬ್ಬರೂ ಎದುರಾಗುತ್ತಾರೆ. "ಮಂಡೆ ಸರಿ ಇಲ್ಲದವ" ಎಂದು ನಾಲ್ವರು ಕೆಣಕುತ್ತಾರೆ, ಐದನೆಯವ ಟೋಪಿ ಕಿತ್ತು ಓಡುತ್ತಾನೆ, ಕೊನೆಗೆ ಇವನು ಕಲ್ಲೆತ್ತುತ್ತಾನೆ. ದೊಡ್ಡವರು ನೋಡುವುದು ಕಲ್ಲನ್ನು ಮಾತ್ರ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪ್ರಕಾರ ಅಂಗವಿಕಲ ವ್ಯಕ್ತಿಯನ್ನು ಸಾರ್ವಜನಿಕವಾಗಿ ಬೇಕೆಂದೇ ಅವಮಾನಿಸುವುದಕ್ಕೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಶಿಕ್ಷೆಯಿದೆ. ನಮಾಝು-ಉಪವಾಸದ ಹೊಣೆಯನ್ನೇ ಶರೀಅತ್ ಹೇರದ ಮಗುವಿನ ಮೇಲೆ ಇಡೀ ಜಗಳದ ಹೊಣೆ ಹೊರಿಸುವುದು ಯಾವ ನ್ಯಾಯ?

ಮಂತ್ರವಾದಿಯನ್ನು ಹುಡುಕಿಕೊಂಡು ಹೋಗುವ ಅದೇ ಚಾಮರಾಜನಗರ ಜಿಲ್ಲೆಯಲ್ಲಿ ಇನ್ನೊಂದು ಕಥೆಯೂ ಇದೆ. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನ ಹಳ್ಳಿಗಳಲ್ಲಿ ಮೂರ್ಛೆರೋಗದ ಅಧ್ಯಯನ ನಡೆಸಿ, ಕಡಿಮೆ ಬೆಲೆಯ ಮಾತ್ರೆಗಳಿಂದಲೇ ಬಹಳ ಜನರ ಫಿಟ್ಸ್ ಹತೋಟಿಗೆ ಬರುತ್ತದೆಂದು ತೋರಿಸಿದರು. 'ಯಳಂದೂರು ಅಧ್ಯಯನ' ಎಂಬ ಹೆಸರಲ್ಲೇ ಅದು 2001ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಬುದ್ಧಿಮಾಂದ್ಯ ಮಕ್ಕಳಲ್ಲಿ ಫಿಟ್ಸ್ ಹೆಚ್ಚು. ಫಿಟ್ಸ್ ಬಂದು ಹೋದ ಮೇಲಿನ ಗಲಿಬಿಲಿಯಲ್ಲಿ ಹಿಡಿಯಲು ಹೋದವರನ್ನು ತಳ್ಳುವುದು, ಹೊಡೆಯುವುದೂ ಉಂಟು. ಗಾರ್ಡಿನಾಲ್‌ನಂಥ ಮಾತ್ರೆಯಿಂದಲೇ ಕೆಲವರಿಗೆ ಸಿಡುಕು ಹೆಚ್ಚುತ್ತದೆ. ಹಾಗೆಂದು ಮಾತ್ರೆ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ.

ಅದೇ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿತ್ತು. ದರ್ಗಾದ ಬರಕತ್‌ನಿಂದ ಗುಣವಾಗಲೆಂದು ಮನೆಯವರು ಬಿಟ್ಟುಹೋಗಿದ್ದ ಮನೋರೋಗಿಗಳನ್ನು ಅಲ್ಲಿನ ಖಾಸಗಿ ಆಶ್ರಯತಾಣದಲ್ಲಿ ಸರಪಳಿಯಿಂದ ಬಿಗಿದಿಡಲಾಗಿತ್ತು. ಓಡಲಾಗದೆ 28 ಮಂದಿ ಸುಟ್ಟುಹೋದರು. ಮನೋರೋಗಿಗಳನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಬುದ್ಧಿಮಾಂದ್ಯತೆ ಮನೋರೋಗವಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ. ಹಾಗಂತ ಈ ಮಕ್ಕಳನ್ನು ಕಟ್ಟಿಹಾಕಬಹುದು ಎಂದಲ್ಲ; ಅಂಗವೈಕಲ್ಯವೊಂದೇ ಕಾರಣಕ್ಕೆ ಯಾರ ಸ್ವಾತಂತ್ರ್ಯವನ್ನೂ ಕಸಿಯುವಂತಿಲ್ಲ ಎಂದು 2016ರ ಕಾಯ್ದೆಯಲ್ಲಿದೆ. ದೆವ್ವ ಬಿಡಿಸುವ ನೆಪದಲ್ಲಿ ಹಿಂಸಿಸುವುದು ನಮ್ಮ ರಾಜ್ಯದಲ್ಲಿ 2020ರ ಜನವರಿಯಿಂದ ಅಪರಾಧ.

ದುಆ ಬೇಡ ಎನ್ನುತ್ತಿಲ್ಲ. ಉಸ್ತಾದರು ಓದಿ ಊದಿದ ನೀರು ಕುಡಿಸಿ, ಜೊತೆಗೆ ಕಿವಿಯನ್ನೂ ಪರೀಕ್ಷೆ ಮಾಡಿಸಿ. ಚಿಕಿತ್ಸೆ ಪಡೆಯಿರಿ ಎಂದವರು ಪ್ರವಾದಿಯವರೇ (ಸ). ಹನೂರಿನ ಹಳ್ಳಿಯಿಂದ ಬಸ್ಸು ಹಿಡಿದು, ಗಾಬರಿಯಾದ ಮಗನನ್ನು ಕರೆದುಕೊಂಡು ಹೊರಡುವುದು ಒಬ್ಬ ತಾಯಿಯಿಂದ ಆಗುವ ಕೆಲಸವಲ್ಲ, ಅದು ನಮಗೆ ಗೊತ್ತಿದೆ. ಆದರೆ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ 'ಮನೋಚೈತನ್ಯ' ಕಾರ್ಯಕ್ರಮವಿದೆ. ಮಾತಿನ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಮನೆಯಿಂದಲೇ ಮಾತಾಡಲು ಟೆಲಿ-ಮಾನಸ್, 14416. ಬುದ್ಧಿಮಾಂದ್ಯ ಮಕ್ಕಳಿಗೆ ಕೇಂದ್ರದ 'ನಿರಾಮಯ' ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆಯೂ ಇದೆ.

ಮದುವೆ ಹಾಲ್‌ಗೆ ಚಂದಾ ಎತ್ತುವ ನಮ್ಮ ಜಮಾಅತ್‌ಗಳು ಇಂಥ ಮನೆಗೆ ತಿಂಗಳಿಗೊಮ್ಮೆ ಒಂದು ಕಾರು, ಜೊತೆಗೊಬ್ಬ ಯುವಕನನ್ನು ಕೊಡಲಾರವೇ? ಮನೋವೈದ್ಯರು ಬರುವುದು ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ, ಹಿಂದಿನ ಜುಮಾದಂದು ಮೈಕಿನಲ್ಲಿ ಹೇಳಿಸಿದರೂ ಸಾಕು, ಈ ವಾರವೇ ಶುರು ಮಾಡಬಹುದು.