ಆಟದ ಕೋವಿಗೆ ಕಾನೂನಿದೆ, ನಿಜದ ಕೋವಿಗಿಲ್ಲ

ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಬೇಟೆಗೆ ಸೆಮಿ ಆಟೊಮ್ಯಾಟಿಕ್ ರೈಫಲ್ ಒಯ್ಯುವಂತಿಲ್ಲ. ಇಲ್ಲಿನ ಹಳ್ಳಿಗಳಲ್ಲಿ ಲಿವರ್ ಆ್ಯಕ್ಷನ್ ರೈಫಲ್‌ಗೆ ಇನ್ನೂ ಮರ್ಯಾದೆ ಉಳಿದಿರುವುದಕ್ಕೆ ಅದೂ ಒಂದು ಕಾರಣ. ಟ್ರಿಗರ್ ಸುತ್ತಲಿನ ಲಿವರನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಖಾಲಿ ತೋಟಾ ಹೊರಗೆ, ಹೊಸದು ಒಳಗೆ. ಕೌಬಾಯ್ ಸಿನಿಮಾ ನೋಡಿದವರಿಗೆಲ್ಲ ಆ ಸದ್ದು ಗೊತ್ತು. ಜಾನ್ ಬ್ರೌನಿಂಗ್ ರೂಪಿಸಿದ 1894ರ ವಿಂಚೆಸ್ಟರ್ ಅಜ್ಜನಿಂದ ಮೊಮ್ಮಗನಿಗೆ ಬಂದು ಈಗಲೂ ಈಡು ಹೊಡೆಯುತ್ತಿರುವ ಮನೆಗಳಿವೆ.

ಅಂಥದೇ ಒಂದು ಲಿವರ್ ಆ್ಯಕ್ಷನ್ ರೈಫಲನ್ನು ನಾನು ಹೊಸದಾಗಿ, ಸಾವಿರ ಡಾಲರಿನ ಹತ್ತಿರ ಕೊಟ್ಟು ತಂದೆ. ಕಂಪನಿಯ ಹೆಸರು ಬೇಡ. ಪೀಣ್ಯದ ಮೆಷಿನ್ ಶಾಪಿನಲ್ಲಿ ಇನ್‌ಸ್ಪೆಕ್ಷನ್ ಟೇಬಲ್ ಹಿಂದೆ ಕೂತು ಬಂದವನು. ಹೊಸ ಲೋಹ ಕಂಡರೆ ಬೆರಳು ಆಡಿಸದೆ ಇರಲಾರೆ. ನಳಿಗೆಯ ತುದಿಯ ಸೈಟ್ ಬಲಕ್ಕೆ ವಾಲಿತ್ತು. ತೋಟಾ ತುಂಬುವ ಕಿಂಡಿಯ ಅಂಚಿನ ಚೂಪು ಸಿಬಿರು (ಬರ್) ತೆಗೆದೇ ಇರಲಿಲ್ಲ, ಹೆಬ್ಬೆರಳು ಕುಯ್ಯುತ್ತಿತ್ತು. ಇವೆರಡನ್ನೂ ಸಹಿಸಬಹುದು. ಸಹಿಸಲಾಗದ್ದು ಮೂರನೆಯದು: ಎರಡನೇ ತೋಟಾ ಅರ್ಧ ಎದ್ದು ಚೇಂಬರಿನ ಬಾಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಲಿವರ್ ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ಜೀವಂತ ಗುಂಡನ್ನು ಯಂತ್ರದ ಹಲ್ಲಿನ ನಡುವೆ ಇಟ್ಟುಕೊಂಡು ಸ್ಕ್ರೂಡ್ರೈವರ್ ಹುಡುಕುವ ಪರಿಸ್ಥಿತಿ.

ಅಂಗಡಿಯವನು ಒಳ್ಳೆಯ ಮನುಷ್ಯ. 'ಹೊಡೀತಾ ಹೋಗು ಮಾರಾಯ, ತಾನಾಗಿ ಪಳಗುತ್ತೆ' ಎಂಬ ಅರ್ಥದ ಮಾತಾಡಿದ. ಹಿಂದಕ್ಕೆ ತೆಗೆದುಕೊಳ್ಳುವ ಪ್ರಶ್ನೆಯೇ ಇಲ್ಲ, ಬಾಗಿಲು ದಾಟಿದೊಡನೆ ಅದು ಸೆಕೆಂಡ್ ಹ್ಯಾಂಡ್ ಮಾಲು. ಈ 'ಪಳಗುತ್ತೆ' ಎನ್ನುವ ಮಾತಿಗೆ ನನ್ನ ಮೊದಲ ತಕರಾರು. ಹೊಸ ಭಾಗಗಳು ಒಂದಿಷ್ಟು ಉಜ್ಜಿಕೊಂಡು ನಯವಾಗುವುದು ನಿಜ. ಆದರೆ ವಾಲಿದ ಸೈಟ್ ಎಷ್ಟು ಈಡು ಹೊಡೆದರೂ ನೆಟ್ಟಗಾಗುವುದಿಲ್ಲ. ಕಾರ್ಖಾನೆಯ ಕೊನೆಯ ಇನ್‌ಸ್ಪೆಕ್ಷನ್ ಅನ್ನು ಗಿರಾಕಿಯ ತಲೆಗೆ ಕಟ್ಟಿ, ತೋಟಾದ ಖರ್ಚೂ ಅವನದೇ ಎಂದರೆ ಪೀಣ್ಯದಲ್ಲಿ ಆ ಲಾಟ್ ಪೂರ್ತಿ ರಿಜೆಕ್ಟ್ ಆಗುತ್ತಿತ್ತು.

ಇದು ನನ್ನೊಬ್ಬನ ಗೋಳಲ್ಲ. ನನ್ನದು ಮಾರ್ಲಿನ್ ಕಂಪನಿಯದಲ್ಲ, ಆದರೆ ಮಾರ್ಲಿನ್ ಕಥೆ ಇಲ್ಲಿ ಎಲ್ಲರಿಗೂ ಬಾಯಿಪಾಠ. 2007ರಲ್ಲಿ ಬಂದೂಕು ತಯಾರಕ ರೆಮಿಂಗ್ಟನ್ ಆ ಹಳೆಯ ಕಂಪನಿಯನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. 2011ರ ಹೊತ್ತಿಗೆ ಕನೆಕ್ಟಿಕಟ್‌ನ ನಾರ್ತ್ ಹೇವನ್ ಕಾರ್ಖಾನೆಗೆ ಬೀಗ ಬಿತ್ತು, ಕೆಲಸ ನ್ಯೂಯಾರ್ಕ್ ರಾಜ್ಯದ ಇಲಿಯನ್‌ಗೆ ಹೋಯಿತು. ಯಂತ್ರಗಳ ಮರ್ಜಿ ಬಲ್ಲ ಹಳೆಯ ಕೈಗಳು ಹಿಂದೆಯೇ ಉಳಿದವು. ಆಮೇಲೆ ಬಂದ ರೈಫಲ್‌ಗಳಿಗೆ ಜನ 'ರೆಮ್ಲಿನ್' ಎಂದು ಅಡ್ಡಹೆಸರಿಟ್ಟರು. ನಳಿಗೆಯ ಮೇಲೆ 'ಜೆಎಂ' ಮುದ್ರೆಯಿರುವ ಹಳೆಯವಕ್ಕೆ ಬೆಲೆ ಏರಿತು. 2020ರಲ್ಲಿ ರೆಮಿಂಗ್ಟನ್ ದಿವಾಳಿಯಾದಾಗ ರೂಗರ್ ಕಂಪನಿ ಮಾರ್ಲಿನ್ ಕೊಂಡು, ನಾರ್ತ್ ಕ್ಯಾರೊಲೈನಾದಲ್ಲಿ ಮತ್ತೆ ಮಾಡತೊಡಗಿತು. ಇಷ್ಟೆಲ್ಲ ನಡೆದ ವರ್ಷಗಳಲ್ಲಿ ಸರ್ಕಾರದ ಒಬ್ಬ ಅಧಿಕಾರಿಗೂ ಆ ಕೋವಿಗಳ ಗುಣಮಟ್ಟ ವಿಚಾರಿಸುವ ಅಧಿಕಾರ ಇರಲಿಲ್ಲ.

ಕೋವಿ ಕೊಳ್ಳುವಾಗ 4473 ಎಂಬ ಸರ್ಕಾರಿ ನಮೂನೆ ತುಂಬಿಸಿ, ನನ್ನ ಪೂರ್ವಾಪರವನ್ನು ಎಫ್‌ಬಿಐ ಪಟ್ಟಿಯಲ್ಲಿ ತಾಳೆ ನೋಡಿದರು. ಸರಿಯೇ, ನೋಡಲಿ. ನನ್ನನ್ನು ಪರೀಕ್ಷಿಸಿದ ಸರ್ಕಾರ ರೈಫಲನ್ನು ಮಾತ್ರ ಪರೀಕ್ಷಿಸುವುದಿಲ್ಲ. (ನಮ್ಮ ಕೊಪ್ಪದ ಕಡೆಯ ಬೆಳೆ ರಕ್ಷಣೆಯ ಕೋವಿಗಳೂ ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ ಕೂರುತ್ತವೆ, ಭಯ ಯಾವತ್ತೂ ಹಿಡಿದವನ ಬಗ್ಗೆಯೇ.) ಬ್ರಿಟನ್ನಿನಲ್ಲಿ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್ 1813ರಿಂದ ನಳಿಗೆಗಳಿಗೆ ಹೆಚ್ಚಿನ ಒತ್ತಡದ ಗುಂಡು ಹಾಕಿ ಪರೀಕ್ಷಿಸಿ ಮುದ್ರೆ ಒತ್ತುತ್ತಿದೆ. ಅಮೆರಿಕದಲ್ಲಿ ಅಂಥ ಸರ್ಕಾರಿ ಕಡ್ಡಾಯವಿಲ್ಲ. ಉದ್ಯಮವೇ ಕಟ್ಟಿಕೊಂಡ ಸಂಸ್ಥೆಯ ಮಾನದಂಡಗಳಿವೆ, ಪಾಲಿಸುವುದು ಅವರವರ ಇಷ್ಟ.

ಇಲ್ಲಿನ ಗ್ರಾಹಕ ವಸ್ತು ಸುರಕ್ಷತಾ ಆಯೋಗ 1972ರ ಕಾನೂನಿನಿಂದ ಹುಟ್ಟಿದ್ದು. ಟೋಸ್ಟರಿನಲ್ಲಿ ಅಪಾಯದ ದೋಷ ಕಂಡರೆ ತಯಾರಕ 24 ಗಂಟೆಯೊಳಗೆ ಆಯೋಗಕ್ಕೆ ತಿಳಿಸಬೇಕು. ಆಯೋಗ ಮಾಲು ವಾಪಸ್ ಕರೆಸಲೂಬಹುದು. ಮಕ್ಕಳ ಆಟದ ಪಿಸ್ತೂಲು ಅದರ ವ್ಯಾಪ್ತಿಗೆ ಬರುತ್ತದೆ. ಛರ್ರೆ ಹಾರಿಸುವ ಬಿಬಿ ಗನ್ನೂ ಬರುತ್ತದೆ. 2001ರಲ್ಲಿ ಬಿಬಿ ಗನ್ ತಯಾರಿಸುವ ಡೈಸಿ ಕಂಪನಿಯ ಮೇಲೆ ಆಯೋಗ ದೂರು ದಾಖಲಿಸಿತ್ತು. ನಿಜವಾದ ಬಂದೂಕು ಬರುವುದಿಲ್ಲ. ವಿನಾಯಿತಿ ಕೊಟ್ಟ ರೀತಿ ನೋಡಿ: ಬಂದೂಕು, ತೋಟಾಗಳ ಮೇಲಿನ ಅಬಕಾರಿ ತೆರಿಗೆಗೆ ಒಳಪಡುವ ಯಾವ ವಸ್ತುವೂ 'ಗ್ರಾಹಕ ವಸ್ತು' ಅಲ್ಲ. ರೈಫಲಿಗೆ ಆ ತೆರಿಗೆ ಶೇ 11, ಬೆಲೆಯಲ್ಲಿ ಸೇರಿಯೇ ಬರುತ್ತದೆ. ಅಂದರೆ ತೆರಿಗೆ ತೆತ್ತ ತಪ್ಪಿಗೆ ನಾನು ಗ್ರಾಹಕನಲ್ಲ.

ಜಾಮ್ ಆದ ತೋಟಾ ಬಿಡಿ, ಈ ವಿನಾಯಿತಿಯ ನಿಜವಾದ ಬೆಲೆ ತೆತ್ತವರಿದ್ದಾರೆ. ರೆಮಿಂಗ್ಟನ್ 700 ಬೋಲ್ಟ್ ರೈಫಲ್ ಟ್ರಿಗರ್ ಮುಟ್ಟದೆಯೂ ಹಾರುತ್ತದೆಂಬ ದೂರುಗಳು ದಶಕಗಳಷ್ಟು ಹಳೆಯವು. 2000ದಲ್ಲಿ ಮೊಂಟಾನಾದಲ್ಲಿ ಒಬ್ಬ ತಾಯಿ ಗುಂಡು ಖಾಲಿ ಮಾಡಲೆಂದು ಸೇಫ್ಟಿ ಸರಿಸಿದಳು. ಈಡು ಹಾರಿ ಒಂಬತ್ತು ವರ್ಷದ ಮಗ ಸತ್ತ. ಕಂಪನಿ ದೋಷ ಒಪ್ಪಲಿಲ್ಲ. ಕೊನೆಗೆ ಸಾಮೂಹಿಕ ದಾವೆಯ ರಾಜಿಯಲ್ಲಿ ಸುಮಾರು 75 ಲಕ್ಷ ಕೋವಿಗಳ ಟ್ರಿಗರ್ ಬದಲಿಸಿಕೊಡಲು ಒಪ್ಪಿತು. ನ್ಯಾಯಾಲಯ ಅದಕ್ಕೆ ಮುದ್ರೆ ಒತ್ತುವ ಹೊತ್ತಿಗೆ ಅರ್ಜಿ ಹಾಕಿದ್ದವರು 22,000ದ ಆಸುಪಾಸು. ಮಿಕ್ಕ ಕೋವಿಗಳು ಯಾರ ಯಾರ ಅಟ್ಟದಲ್ಲಿವೆಯೋ.

ಕೋವಿಗೂ ಸುರಕ್ಷತಾ ಕಾನೂನು ಬೇಕೆಂಬ ಮಾತು ತೆಗೆದರೆ ನೆರೆಯವರು 'ಬಂದೂಕು ಕಸಿಯುವ ಹುನ್ನಾರ' ಎಂದು ಮುಖ ತಿರುಗಿಸುತ್ತಾರೆ. ಬಂದೂಕು ಹಕ್ಕು ಎಂದು ಎದೆ ತಟ್ಟಿ ಹೇಳುವವರೇ ಅದು ಸರಿಯಾಗಿ ಕೆಲಸ ಮಾಡಲಿ ಎಂದು ಮೊದಲು ಕೇಳಬೇಕಲ್ಲವೇ? 1972ರ ವಿನಾಯಿತಿಯ ಹಿಂದಿದ್ದವರು ಮಿಷಿಗನ್ನಿನ ಸಂಸದ ಜಾನ್ ಡಿಂಗೆಲ್, ಸ್ವತಃ ಬೇಟೆಗಾರ. ಅವರ ಸ್ಥಾನಕ್ಕೆ ಆರಿಸಿಬಂದ ಹೆಂಡತಿ ಡೆಬಿ ಡಿಂಗೆಲ್ ಅದೇ ವಿನಾಯಿತಿ ತೆಗೆಯುವ ಮಸೂದೆ ತಂದರು. ಪಾಸಾಗಲಿಲ್ಲ.

ನನ್ನ ರೈಫಲನ್ನು ಕಂಪನಿಗೇ ಕಳಿಸಿದೆ. ಅರ ಹಿಡಿದು ನಾನೇ ತಿದ್ದಬಹುದಿತ್ತು. ಹಾಗೆ ಮಾಡಿದರೆ ಮುಂದಿನ ತಪ್ಪಿಗೆಲ್ಲ ನಾನೇ ಹೊಣೆ. ಸರಿಯಾಗಿ ಬಂತು, ಚೆನ್ನಾಗಿಯೇ ಮಾಡಿದ್ದಾರೆ. ಅದೇ ಲಾಟಿನಲ್ಲಿ ಇನ್ನೆಷ್ಟು ಕೋವಿಗಳು ಹೀಗೇ ಹೊರಟಿವೆ, ಕೊಂಡವರಿಗೆ ತಿಳಿಸಿದ್ದೀರಾ ಎಂದು ಪತ್ರ ಬರೆದೆ. ಉತ್ತರ ಬಂದಿಲ್ಲ, ಕೊಡಬೇಕೆಂಬ ಕಾನೂನೂ ಇಲ್ಲ.