ದುಡ್ಡು ಕಟ್ಟುವ ಮುನ್ನ ಕಾಗದ ಓದಿಸಿ

ಬೆಂಗಳೂರಿನ ಕಾಮಾಕ್ಷಿಪಾಳ್ಯದ ಲೇತ್, ಪ್ರೆಸ್, ಪ್ಲೇಟಿಂಗ್ ಶೆಡ್ಡುಗಳಲ್ಲಿ ಉತ್ತರ ಕರ್ನಾಟಕದ ಹುಡುಗರು ಬೇಕಾದಷ್ಟಿದ್ದಾರೆ. ಪಾಳಿ ಮುಗಿಸಿ ರೂಮಿಗೆ ಬಂದರೆ ಕೈಗೆ ಮೊಬೈಲ್, ಅದರಲ್ಲಿ ಫಾರಿನ್ ಕೆಲಸದ ವಿಡಿಯೊ. ಈ ಮನವಿ ಅವರಿಗೆ. ಅವರ ಮಾಲೀಕರಿಗೆ, ರೂಮು ಬಾಡಿಗೆಗೆ ಕೊಟ್ಟವರಿಗೂ.

ಕಲಬುರಗಿ ಜಿಲ್ಲೆಯ ಕೆಲ ಯುವಕರು 2023ರ ಕೊನೆಯಲ್ಲಿ ಇಂಥದೇ ಮಾತು ನಂಬಿ ಏಜೆಂಟರಿಗೆ ಲಕ್ಷಗಟ್ಟಲೆ ಸುರಿದು ರಷ್ಯಾಕ್ಕೆ ಹೋದರು. ಹೇಳಿದ್ದು ಸೆಕ್ಯುರಿಟಿ, ಹೆಲ್ಪರ್ ಕೆಲಸ. ಸಹಿ ಹಾಕಿಸಿಕೊಂಡದ್ದು ರಷ್ಯನ್ ಭಾಷೆಯ ಕಾಗದಕ್ಕೆ. ಆಮೇಲೆ ಕೈಗೆ ಬಂದೂಕು, ಒಂದಿಷ್ಟು ದಿನದ ತರಬೇತಿ, ನೇರವಾಗಿ ಉಕ್ರೇನ್ ಯುದ್ಧದ ಗಡಿ. ಕಂದಕ ತೋಡುವುದು, ಮದ್ದುಗುಂಡು ಹೊರುವುದು, ತಲೆಯ ಮೇಲೆ ಡ್ರೋನ್. 2024ರ ಫೆಬ್ರುವರಿಯಲ್ಲಿ ಸೂರತ್‌ನ 23ರ ಯುವಕನೊಬ್ಬ ಅಂಥ ದಾಳಿಯಲ್ಲೇ ಸತ್ತ. ಮಾರ್ಚ್‌ನಲ್ಲಿ ಸಿಬಿಐ ಮಾನವ ಕಳ್ಳಸಾಗಣೆಯ ಪ್ರಕರಣ ದಾಖಲಿಸಿತು. ಜುಲೈನಲ್ಲಿ ಪ್ರಧಾನಿ ಮಾಸ್ಕೋದಲ್ಲಿ ಈ ವಿಷಯ ಎತ್ತಿದ ಮೇಲೆ, ಕಲಬುರಗಿಯ ಹುಡುಗರು ಊರು ಕಂಡದ್ದು ಸೆಪ್ಟೆಂಬರ್‌ನಲ್ಲಿ.

ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. 2025ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯ ಕೊಟ್ಟ ಲೆಕ್ಕ ಇದು: ರಷ್ಯಾ ಸೇನೆ ಸೇರಿದ್ದ ಭಾರತೀಯರು 126, ವಾಪಸಾದವರು 96, ಸತ್ತವರು 12, ಪತ್ತೆಯಿಲ್ಲದವರು 16.

ಪರದೇಶದ ಯುದ್ಧಕ್ಕೆ ಕನ್ನಡ ನಾಡಿನವರು ಹೋದದ್ದು ಹೊಸದೇನಲ್ಲ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲ್‌ನ ಹೈಫಾ ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಸವಾರರಿದ್ದರು. ಅವರ ಸ್ಮಾರಕ ಇಲ್ಲೇ ಜೆ.ಸಿ. ನಗರದಲ್ಲಿದೆ. ಆದರೆ ಅವರಿಗೆ ತಾವು ಸೈನಿಕರೆಂಬುದು ಹೊರಡುವಾಗಲೇ ಗೊತ್ತಿತ್ತು. ಈ ಹುಡುಗರಿಗೆ ಅಷ್ಟೂ ಗೊತ್ತಿರಲಿಲ್ಲ. ದುರಾಸೆಗೆ ಬಿದ್ದರು ಎಂದು ಇವರನ್ನು ಹಳಿಯುವುದು ಸುಲಭ. ತಿಂಗಳ ಸಂಬಳದಲ್ಲಿ ಊರಿಗೂ ಕಳಿಸಿ ಸಾಲವನ್ನೂ ತೀರಿಸಬೇಕಾದವನಿಗೆ ಆಸೆಯಾಗದೆ ಇದ್ದೀತೇ?

ಹಾಗಾಗಿ ಅಕ್ಕಪಕ್ಕದವರು ಮಾಡಬೇಕಾದ್ದಿದೆ. ಶೆಡ್ಡಿನ ಹುಡುಗ ಲೆಕ್ಕ ಚುಕ್ತಾ ಕೇಳಿ ಫಾರಿನ್‌ಗೆ ಹೊರಟೆ ಅಂದರೆ, ಏಜೆಂಟನ ನೋಂದಣಿ ಸಂಖ್ಯೆ ಕೇಳಿ. ಅದು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಸಿಗದಿದ್ದರೆ ಒಂದು ರೂಪಾಯಿಯನ್ನೂ ಕೊಡಿಸಬೇಡಿ. ನೋಂದಾಯಿತ ಏಜೆಂಟ್ ಸೇವಾ ಶುಲ್ಕವಾಗಿ ಪಡೆಯಬಹುದಾದದ್ದು ಗರಿಷ್ಠ 30,000 ರೂಪಾಯಿ, ಜಿಎಸ್‌ಟಿ ಬೇರೆ. ಮೂರು ಲಕ್ಷ ಕೇಳಿದವನ ಬಗ್ಗೆ ಪೊಲೀಸರಿಗೆ ತಿಳಿಸಿ. ಕೆಲಸಕ್ಕೆಂದು ಹೇಳಿ ಟೂರಿಸ್ಟ್ ವೀಸಾ ಕೊಟ್ಟರೆ ವಿಮಾನ ಹತ್ತಲು ಬಿಡಲೇಬೇಡಿ. ಈಗಾಗಲೇ ಹೋಗಿ ಸಿಕ್ಕಿಕೊಂಡವರಿದ್ದರೆ ಮನೆಯವರು ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ದೂರು ಕೊಡಬಹುದು. ಆಗ ಪಾಸ್‌ಪೋರ್ಟಿನ ಜೆರಾಕ್ಸ್ ಕೈಯಲ್ಲಿದ್ದರೆ ಅನುಕೂಲ. ಹೊರಡುವ ಮುಂಚೆಯೇ ಒಂದು ಪ್ರತಿ ಮನೆಯಲ್ಲಿಡಿಸಿ.